ಈಜು ಬಾರದವರು ಬೇಕಾಗಿದ್ದಾರೆ

ಆ ಹೊತ್ತಿಗೆ ಧಾರವಾಡದ ಶಾಲೆಗಳಲ್ಲಿ ಪಾಠವೆಲ್ಲ ಬೆಳಗಿನ ಹತ್ತು ಗಂಟೆಗೇ ಮುಗಿದುಹೋಗುತ್ತಿತ್ತು. ಭಿನ್ನರಾಶಿ, ಸಂಧಿ, ಸಮಾಸ, ಮೌರ್ಯರು, ಗುಪ್ತರು, ಎಲೆಯೊಳಗೆ ಸಕ್ಕರೆ ಹೇಗೆ ತಯಾರಾಗುತ್ತದೆ ಎಂಬುದು, ಎಲ್ಲವೂ. ಹತ್ತಾದ ಮೇಲೆ ಮಕ್ಕಳನ್ನು ಏನು ಮಾಡಬೇಕು ಎಂಬುದೇ ಊರಿಗೆಲ್ಲ ಒಂದು ಚಿಂತೆಯಾಗಿತ್ತು.

ಇದು ಕಲಿಪಟ್ಟಿಯಿಂದ ಆದದ್ದು. ಹಣೆಗೊಂದು ಮೆತ್ತನೆಯ ಪಟ್ಟಿ, ಮುಂಗೈಗೂ ಪಾದದ ಮೇಲ್ಗಡೆಗೂ ಒಂದೊಂದು ಕಿರಿದಾದ ಪಟ್ಟಿ. ಬಲ್ಲವರೊಬ್ಬರು ಅದನ್ನು ಕಟ್ಟಿಕೊಂಡು ಲೆಕ್ಕ ಬಿಡಿಸಿದರೆ ಅವರ ನರಗಳು ಯಾವ ಕ್ರಮದಲ್ಲಿ ಮಿಡಿದವು ಎಂಬುದು ಅದರಲ್ಲಿ ದಾಖಲಾಗುತ್ತಿತ್ತು. ಆಮೇಲೆ ಮಗು ಕಟ್ಟಿಕೊಂಡಾಗ ಪಟ್ಟಿ ಅದೇ ಕ್ರಮದಲ್ಲಿ ಅದರ ನರಗಳನ್ನು ಸಣ್ಣಗೆ ತಟ್ಟುತ್ತಿತ್ತು. ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವಾಗ ಹಿರಿಯರು ಮಗುವಿನ ಬೆರಳು ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಇಲ್ಲಿ ಹಿಡಿಯುವ ಕೈ ಚರ್ಮದ ಒಳಗಿತ್ತು, ಅಷ್ಟೇ.

ಈ ಪಟ್ಟಿಯನ್ನು ರೂಪಿಸಿದ್ದು ಧಾರವಾಡದ ಹೊರಗೆ ಗುಡ್ಡದ ಮೇಲಿದ್ದ ಕಲಿಕಾ ತಂತ್ರ ಕೇಂದ್ರ. ಅಲ್ಲಿ ನಿವೇದಿತಾ ಕಟಗಿಯ ಕೆಲಸ ಸೋಸುವುದು. ಬಲ್ಲವರಾದರೂ ಮನುಷ್ಯರೇ ತಾನೆ. ಲೆಕ್ಕ ಬಿಡಿಸುತ್ತ ತಡವರಿಸುತ್ತಾರೆ, ಒಂದು ಹೆಜ್ಜೆ ತಪ್ಪಿ ಹಿಂದಕ್ಕೆ ಬರುತ್ತಾರೆ, ನಡುವೆ ಸೀನುತ್ತಾರೆ. ಅದನ್ನೆಲ್ಲ ಹುಡುಕಿ ತೆಗೆಯಲು ಅವಳು ಬರೆದ ಕಾರ್ಯಕ್ರಮಕ್ಕೆ ಕೇಂದ್ರದಲ್ಲಿ ‘ಜರಡಿ’ ಎಂದೇ ಹೆಸರು. ಜರಡಿ ಹಿಡಿದ ಮೇಲೂ ಪ್ರತಿ ದಾಖಲೆಯನ್ನು ಅವಳೇ ಕೂತು ನೋಡುತ್ತಿದ್ದಳು. ಮಗುವಿನ ಮೈಗೆ ಹೋಗುವುದರಲ್ಲಿ ಒಂದು ಕಲ್ಲೂ ಉಳಿಯಬಾರದು ಎಂಬುದು ಅವಳ ಹಟ. ಗ್ಯಾಸ್ ಆರಿಸಿ ಬಂದಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಹೋಗುವ ಹೆಂಗಸು ಅವಳು. ಆ ಕೆಲಸಕ್ಕೆ ಅವಳಿಗಿಂತ ತಕ್ಕವರು ಸಿಗುತ್ತಿರಲಿಲ್ಲ.

ಖಾಲಿ ಉಳಿದ ಮಧ್ಯಾಹ್ನಗಳಲ್ಲಿ ಮಕ್ಕಳಿಗೆ ಪುಸ್ತಕದಾಚೆಯದನ್ನು ಕಲಿಸಬೇಕು, ಈಜು, ಅಡುಗೆ, ಹೊಲಿಗೆ, ವಾದ್ಯ, ಸೋರುವ ನಲ್ಲಿ ರಿಪೇರಿ ಇಂಥದ್ದನ್ನು, ಎಂಬುದು ಕೇಂದ್ರದ ಯೋಜನೆ. ಮಧ್ಯಾಹ್ನಕ್ಕೂ ಒಂದು ಪರೀಕ್ಷೆ ಇಟ್ಟು ಅದಕ್ಕೊಂದು ಟ್ಯೂಷನ್ ಇಡೋಣ ಎನ್ನುವವರು ಬೇರೆ ಇದ್ದರು. ಅವರ ಸಂಖ್ಯೆ ದೊಡ್ಡದಿತ್ತು. ತೀರ್ಮಾನ ಸರ್ಕಾರದ ಸಮಿತಿಯೊಂದರ ಕೈಯಲ್ಲಿತ್ತು. ಸಮಿತಿ ಮೇ ತಿಂಗಳಲ್ಲಿ ಬಂದು ಈಜಿನ ಪ್ರಯೋಗವನ್ನು ಕಣ್ಣಾರೆ ನೋಡುವುದಿತ್ತು.

ಏಪ್ರಿಲ್‌ನಲ್ಲಿ ಕೇಂದ್ರದ ಕೊಳದಲ್ಲಿ ತಾಲೀಮು ನಡೆಯಿತು. ಎದೆಮಟ್ಟದ ನೀರು. ಸಿಬ್ಬಂದಿಯ ಮಕ್ಕಳೇ ಪ್ರಯೋಗದ ಮಕ್ಕಳು. ನಿವೇದಿತಾಳ ಮಗಳು ಪಾರಿಜಾತಳೂ ಅವರಲ್ಲಿದ್ದಳು. ಐದನೆಯ ಇಯತ್ತೆಯ ಆ ಹುಡುಗಿಯನ್ನು ಎಲ್ಲರೂ ಪಾರು ಎನ್ನುತ್ತಿದ್ದರು. ಹೆಸರಾಂತ ಈಜುಗಾರನೊಬ್ಬನ ದಾಖಲೆಯನ್ನು ಮಕ್ಕಳು ವಾರಗಟ್ಟಲೆ ಕಟ್ಟಿಕೊಂಡಿದ್ದರು. ಈಗ ಪಟ್ಟಿ ಬಿಚ್ಚಿ ನೀರಿಗಿಳಿದರು. ಗಾಜಿನ ಆಚೆ ನಿಯಂತ್ರಣ ಕೋಣೆಯಲ್ಲಿ ನಿವೇದಿತಾ, ನರಸಂಕೇತಗಳ ಎಂಜಿನಿಯರ್ ಜಬೀನ್, ಕೇಂದ್ರದ ಮುಖ್ಯಸ್ಥ ಡಾ. ಮುನವಳ್ಳಿ ಉಸಿರು ಹಿಡಿದು ನಿಂತಿದ್ದರು.

ಮಕ್ಕಳು ಮೀನಿನ ಹಾಗೆ ಈಜಿದರು. ಎಲ್ಲ ಕೈಗಳೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು.

“ಭೇಷ್! ಸಮಿತಿಯವ್ರ ಬಾಯಿಗೆ ನೊಣ ಹೋಗ್ತಾವ ನೋಡ್ರಿ,” ಎಂದರು ಮುನವಳ್ಳಿ.

“ಒಂದೀಟ ಅಲೆ ಎಬ್ಬಸ್ಲಿ ಸರ್?” ಎಂದು ಜಬೀನ್ ಗುಂಡಿ ಒತ್ತಿದಳು. ಕೊಳದ ಮೂಲೆಯ ಯಂತ್ರ ನೀರನ್ನು ಸಣ್ಣಗೆ ಅಲುಗಿಸಿತು. ಕೆರೆಯಲ್ಲಿ ಗಾಳಿ ಬೀಸಿದರೆ ಏಳುವಷ್ಟೇ ಅಲೆ.

ಮಕ್ಕಳೆಲ್ಲ ನಿಂತುಬಿಟ್ಟರು. ಯಾರೂ ಹೆದರಲಿಲ್ಲ, ಅಳಲಿಲ್ಲ. ಕಾಲು ಊರಿ ನಿಂತು, ಬಸ್ಸಿಗೆ ಕಾಯುವವರಂತೆ ಕಾದರು. ಪಾರು ಗಾಜಿನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದಳು, “ಅವ್ವಾ, ಇದು ಬ್ಯಾರೆ ನೀರ ಐತಿ. ಇದರ ಪಟ್ಟಿ ಕೊಡ್ರಿ.”

ಮುನವಳ್ಳಿಯವರ ಮುಖ ಇಳಿಯಿತು. ನಿವೇದಿತಾಳಿಗೆ ಮಾತ್ರ ಇದು ಹೊಸದಾಗಿರಲಿಲ್ಲ. ಮನೆಯಲ್ಲಿ ಅವಳು ಇದನ್ನೇ ನೋಡುತ್ತಿದ್ದಳು, ನೋಡಿಯೂ ಹೆಸರಿಡಲು ಅಂಜುತ್ತಿದ್ದಳು.

ಹಿಂದಿನ ವಾರವಷ್ಟೇ ಪಾರು ರೊಟ್ಟಿ ಬಡಿಯಲು ಕೂತಿದ್ದಳು. ಪಟ್ಟಿಯಿಂದ ಕಲಿತ ರೊಟ್ಟಿ ಎಂದರೆ ಚಂದಿರನೇ. ಆದರೆ ಅಂದು ಹಿಟ್ಟು ಹಳೆಯ ಜೋಳದ್ದು. ಜಿಗಿ ಇರಲಿಲ್ಲ. ಬಡಿಯುತ್ತಿದ್ದಂತೆ ಅಂಚು ಸೀಳಿತು. ಪಾರು ಅದನ್ನು ಒಮ್ಮೆ ನೋಡಿ, ಕೈ ತೊಳೆದುಕೊಂಡು ಎದ್ದುಹೋದಳು.

“ಏ, ಬಾ ಇಲ್ಲಿ! ಸ್ವಲ್ಪ ಬಿಸಿನೀರ ಹಾಕಿ ನಾದಿದ್ರ ಆಗ್ತೈತಿ,” ಎಂದು ಅಜ್ಜಿ ಶೈಲಜಾ ಕೂಗಿದ್ದರು.

“ಬರೂದಿಲ್ಲಜ್ಜಿ.”

“ಬರೂದಿಲ್ಲಂದ್ರ? ಈಗರ ಒಂದ ರೊಟ್ಟಿ ಹರದೈತಿ, ನಿನ್ನ ಕೈಯೇನ್ ಹರದಿಲ್ಲಲ್ಲ!”

“ಬರೂದಿಲ್ಲಂದ್ರ ಬರೂದಿಲ್ಲ. ಪಟ್ಟಿ ಬಂದ ಮ್ಯಾಲೆ ಮಾಡ್ತೀನಿ.”

ಆ ಮಾತಿನಲ್ಲಿ ಮೊಂಡುತನವಿರಲಿಲ್ಲ. ಇದ್ದಿದ್ದರೆ ನಿವೇದಿತಾ ಇಷ್ಟು ಕಳವಳಪಡುತ್ತಿರಲಿಲ್ಲ. ಹುಡುಗಿಗೆ ಎರಡೇ ಸ್ಥಿತಿ ಗೊತ್ತಿದ್ದವು: ಬರುವುದು, ಬಾರದಿರುವುದು. ನಡುವೆ ಒಂದು ದಾರಿ ಇದೆ, ಅದರ ಮೇಲೆ ಎಡವುತ್ತ ನಡೆಯಬಹುದು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಹೊಸದೊಂದಕ್ಕೂ ಕೈ ಹಾಕದೆ, ಪಟ್ಟಿ ಬರಲಿ ಎಂದು ಕಾಯುತ್ತ ಈ ಮಗು ದೊಡ್ಡವಳಾಗಿಬಿಟ್ಟರೆ?

ತಾಲೀಮು ಕೆಟ್ಟ ದಿನ ಸಂಜೆ ಅವಳು ಮನೆಗೆ ಬರಲಿಲ್ಲ. ಈಜುಗಾರನ ಮೂಲ ದಾಖಲೆಯನ್ನೂ ಸೋಸಿದ ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತ ಕೂತಳು. ಮೂಲದಲ್ಲಿ ಅವನಿಗೂ ಮೂಗಿಗೆ ನೀರು ಹೋಗಿತ್ತು, ಒಮ್ಮೆ ಲಯ ತಪ್ಪಿತ್ತು. ತಪ್ಪಿದ ಕೂಡಲೇ ಅವನ ಮೈ ತನ್ನನ್ನು ತಾನೇ ಸಾವರಿಸಿಕೊಂಡಿತ್ತು. ತಪ್ಪಿನ ಜೊತೆಗೆ ಆ ಸಾವರಿಸಿಕೊಳ್ಳುವಿಕೆಯನ್ನೂ ಜರಡಿ ಎತ್ತಿ ಹೊರಗೆ ಚೆಲ್ಲಿತ್ತು.

“ಜಬೀನ್, ಸೋಸದೇ ಇದ್ದದ್ದನ್ನ ಹಂಗ ಕೊಟ್ರ?”

“ಸಾಲೂದಿಲ್ರಿ ಅಕ್ಕಾರ. ಆತ ತಪ್ಪಿದ್ದು ಎಲ್ಲೋ ಒಂದೆರಡ ಸಲ. ತಪ್ಪಿದ್ದು ಅವಗ ಗೊತ್ತೂ ಆಗಿಲ್ಲ.” ಜಬೀನ್ ಪೆನ್ನು ಕಚ್ಚುತ್ತ ಯೋಚಿಸಿದಳು. “ನಮಗ ಬೇಕಾಗಿದ್ದು ಬಲ್ಲವರಲ್ಲ. ಏನೂ ಬರದವರು. ಮೊದಲನೇ ದಿನದಿಂದ ಕಲಿಯೂದನ್ನ ದಾಖಲು ಮಾಡಬೇಕು.”

ಮರುದಿನ ಮುನವಳ್ಳಿಯವರು ಫಲಕದ ಮೇಲೆ ತಾವೇ ದೊಡ್ಡಕ್ಷರದಲ್ಲಿ ಬರೆದರು: ‘ಈಜು ಬಾರದವರು ಬೇಕಾಗಿದ್ದಾರೆ.’ ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ಕಟ್ಟಡ ಗುಡಿಸುವವರಿಂದ ಹಿಡಿದು ಲೆಕ್ಕಪತ್ರದವರವರೆಗೆ ಎಲ್ಲರೂ ಎಂದೋ ಒಮ್ಮೆ ಕುತೂಹಲಕ್ಕೆ ಈಜಿನ ಪಟ್ಟಿ ಕಟ್ಟಿಕೊಂಡವರೇ. ಕಟ್ಟಿಕೊಳ್ಳದಿದ್ದವಳು ಒಬ್ಬಳೇ. ನೀರು ಮೊಣಕಾಲಿಗೆ ಬಂದರೆ ಎದೆ ಹೊಡೆದುಕೊಳ್ಳುವವಳು.

“ನೀವs ಅದೀರಲ್ರಿ ಮತ್ತ,” ಎಂದರು ಮುನವಳ್ಳಿ, ಟೀ ಲೋಟದ ಮೇಲಿಂದ ನೋಡುತ್ತ.

“ಸರ್, ನಾ ಸೋಸೋಕಿ.”

“ಈಗ ಸ್ವಲ್ಪ ದಿನ ಸೋಸಿಸ್ಕೊಳ್ರಿ.”

ಸೊಸೆ ನೀರಿಗಿಳಿಯುತ್ತಾಳೆ ಎಂಬ ಸುದ್ದಿ ಕೇಳಿ ಶೈಲಜಾ ಊಟ ಬಿಟ್ಟು ನಕ್ಕರು. ಅವರು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು. ಹುಬ್ಬಳ್ಳಿ-ಧಾರವಾಡದ ನಡುವೆ ಅವರ ದನಿ ಕೇಳದ ಗಿಡಮರವಿರಲಿಲ್ಲ. ನಿವೃತ್ತಿಯಾದ ಮೇಲೆ ಆ ದನಿಗೆ ಮನೆ ಸಣ್ಣದಾಗಿತ್ತು.

“ನಾನೂ ಬರ್ತೀನಿ,” ಎಂದರು.

“ಅತ್ತಿ, ಅಲ್ಲಿ ಹೊರಗಿನವರನ್ನ ಬಿಡೂದಿಲ್ಲರಿ.”

“ನಾ ಹೊರಗಿನಾಕಿನ? ನನ್ನ ಮಗ ಗದಗಿನಾಗ ಗಾಳಿಗಿರಣಿ ಕಾಯ್ಕೋತ ಕುಂತಾನ. ನೀ ಮುಳುಗಿದ್ರ ಅವಗ ಯಾರ ಜವಾಬ ಹೇಳೋರು?”

ಮರುದಿನ ಅವರು ಚುರಮುರಿಯ ಡಬ್ಬಿಯನ್ನೂ ಮೊಮ್ಮಗಳನ್ನೂ ಕಟ್ಟಿಕೊಂಡು ಕೊಳದ ಮೆಟ್ಟಿಲ ಮೇಲೆ ಆಸನ ಹಾಕಿದರು.

ನಿವೇದಿತಾ ಮೈತುಂಬ ಪಟ್ಟಿ ಬಿಗಿದುಕೊಂಡು ನೀರಿಗಿಳಿದಳು. ನೀರು ಎದೆಗೆ ಬಂತು. ಎರಡೂ ಕೈಯಲ್ಲಿ ದಂಡೆಯ ಕಂಬಿ ಹಿಡಿದಳು. ಆಮೇಲೆ ಏನೂ ಆಗಲಿಲ್ಲ. ತರಬೇತುದಾರ ಹುಡುಗಿ ಎಷ್ಟು ಪುಸಲಾಯಿಸಿದರೂ ಕಂಬಿಯಿಂದ ಕೈ ಬಿಡಲಿಲ್ಲ. ಬಿಡಬೇಕು ಎಂದು ಬುದ್ಧಿ ಹೇಳುತ್ತಿತ್ತು. ಬೆರಳುಗಳು ಆ ಬುದ್ಧಿಯ ಮಾತನ್ನು ಪರಕೀಯರ ಮಾತಿನಂತೆ ಕೇಳುತ್ತಿದ್ದವು. ನಿಯಂತ್ರಣ ಕೋಣೆಯಲ್ಲಿ ಜಬೀನ್ ಅವಳ ಎದೆಬಡಿತದ ಗೆರೆ ನೋಡಿ ತಲೆ ಮೇಲೆ ಕೈ ಹೊತ್ತಳು.

ಮೆಟ್ಟಿಲ ಮೇಲಿಂದ ಶೈಲಜಾರಿಗೆ ಇದನ್ನು ನೋಡಿ ನೋಡಿ ಸಾಕಾಯಿತು. ಬಾಗಿಲಲ್ಲೇ ಜೋತುಬಿದ್ದು ಒಳಗೂ ಬಾರದ, ಕೆಳಗೂ ಇಳಿಯದ ಪ್ರಯಾಣಿಕರನ್ನು ಅವರು ಜೀವಮಾನವೆಲ್ಲ ಕಂಡವರು. ಬಾಯಲ್ಲಿದ್ದ ಚುರಮುರಿ ನುಂಗಿ ಅವರು ಕೂಗಿದರು:

“ಏ, ಕಂಬಿ ಹಿಡದು ನಿಂತೋರು ಮುಂದ ಹೋಗ್ರಿ! ಮುಂದ ಎಲ್ಲಾ ಖಾಲಿ ಐತಿ! ರೈಟ್... ರೈಟ್!”

ಆ ದನಿಗೆ ಕೊಳದ ಛಾವಣಿ ಗುಂಯ್ ಎಂದಿತು. ನಿವೇದಿತಾಳ ಬೆರಳು ಬಿಟ್ಟುಕೊಂಡವು. ಅವಳು ಮುಳುಗಿದಳು, “ಅಯ್ಯ ಶಿವನ!” ಎನ್ನುತ್ತ ಎದ್ದಳು, ಮತ್ತೆ ಮುಳುಗಿದಳು, ನೀರು ಕುಡಿದಳು, ಕೆಮ್ಮಿದಳು, ಹೇಗೋ ಕೈಕಾಲು ಬಡಿದು ಮತ್ತೆ ಕಂಬಿಗೆ ಬಂದು ಬಿದ್ದಳು. ಮೂಗು ಉರಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಆದರೂ ಅವಳಿಗೆ ನಗು ಬಂತು. ಯಾಕೆ ಎಂದು ಅವಳಿಗೂ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಪಾರು ಎದ್ದು ನಿಂತಿದ್ದಳು. ಅವಳ ಕಣ್ಣು ದೊಡ್ಡದಾಗಿತ್ತು. ದೊಡ್ಡವರಿಗೆ ಒಂದು ವಿಷಯ ಬಾರದಿರುವುದನ್ನು ಅವಳು ಇಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

“ಅವ್ವಾ, ನಿನಗ ಬರೂದs ಇಲ್ಲಲ್ಲ!”

“ಇಲ್ಲವಾ.”

“ಮತ್ತ ನಗಾಕತ್ತೀಯಲ್ಲ?”

“ಮೊದಲ ಮುಳುಗಿದ್ದಕ್ಕಿಂತ ಎರಡನೇ ಸಲ ಕಡಿಮಿ ನೀರ ಕುಡದೆ ನೋಡು,” ಎಂದಳು ನಿವೇದಿತಾ.

ಅದರ ಮರುದಿನವೂ, ಅದರ ಮರುದಿನವೂ ಹೀಗೇ ನಡೆಯಿತು. ಪ್ರತಿ ಸಲ ಕಂಬಿ, ಪ್ರತಿ ಸಲ ಅತ್ತೆಯ “ರೈಟ್!”, ಪ್ರತಿ ಸಲ “ಅಯ್ಯ ಶಿವನ!” ಕೇಂದ್ರದವರು ಊಟದ ಡಬ್ಬಿ ತಂದು ಕೊಳದ ಬಳಿಯೇ ಉಣ್ಣತೊಡಗಿದರು. ಪಾರು ಮೊದಮೊದಲು ಕೆನ್ನೆಗೆ ಕೈಯಿಟ್ಟು ನೋಡಿದಳು. ಆಮೇಲೆ, “ಕಾಲ ಬಡಿ, ಕಾಲ! ಅವ್ವಾ, ಮಂಡಿ ಮಡಚಬ್ಯಾಡ!” ಎಂದು ಸಲಹೆ ಕೊಡಲು ಶುರುಮಾಡಿದಳು. ಒಂದು ದಿನ ನಿವೇದಿತಾ ಹತ್ತು ಕೈ ಬೀಸುವಷ್ಟು ದೂರ ಹೋಗಿ ಆಚೆಯ ಗೋಡೆ ಮುಟ್ಟಿದಾಗ ಅಜ್ಜಿ, ಮೊಮ್ಮಗಳು, ಊಟಕ್ಕೆ ಕೂತವರು ಎಲ್ಲರೂ ಎದ್ದು ನಿಂತು ಕೂಗಿದರು. ಮುನವಳ್ಳಿಯವರ ಕೈಯಲ್ಲಿದ್ದ ಬದನೆಕಾಯಿ ಪಲ್ಯ ಅಂಗಿಯ ಮೇಲೆ ಬಿತ್ತು.

ಆ ದಾಖಲೆಯನ್ನು ನಿವೇದಿತಾ ಸೋಸಲಿಲ್ಲ. ಕೈ ಎಷ್ಟೋ ಸಲ ಜರಡಿಯ ಕಡೆಗೆ ಹೋಯಿತು. ತಾನು ಕೆಮ್ಮಿದ್ದು, ಹೆದರಿದ್ದು, ಮೂಗು ಹಿಡಿದುಕೊಂಡದ್ದು ಎಲ್ಲ ಊರ ಮಕ್ಕಳ ಮೈಗೆ ಹೋಗುತ್ತದಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹೆದರಿಕೆಯೊಂದೇ ಮಕ್ಕಳಲ್ಲಿ ಉಳಿದುಬಿಟ್ಟರೆ? ಜಬೀನ್ ಅವಳ ಕೈ ಹಿಡಿದು ಕುರ್ಚಿಯಿಂದ ಎಬ್ಬಿಸಿದಳು. “ಬಿಡ್ರಿ ಅಕ್ಕಾರ. ಹೆದರಿಕಿ ಒಂದs ಇಲ್ಲ ಅದರಾಗ. ಗೋಡಿ ಮುಟ್ಟಿದ್ದೂ ಐತಿ.”

ಮಕ್ಕಳು ಆ ದಾಖಲೆ ಕಟ್ಟಿಕೊಂಡರು. ಪಾರು ಬೇಡವೆಂದಳು. “ಅವ್ವ ಕಲಿತದ್ದನ್ನ ನಾ ನೋಡೀನಿ. ಮತ್ತ್ಯಾಕ ಪಟ್ಟಿ?” ಎಂದಳು. ನಿವೇದಿತಾ ಒತ್ತಾಯಿಸಲಿಲ್ಲ. ಅವಳಿಗೆ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಸಮಿತಿ ಬಂತು. ಅಧ್ಯಕ್ಷೆ ಸುಚೇತಾ ನಾಡಿಗೇರ ಕನ್ನಡಕದ ಮೇಲಿಂದ ನೋಡುವ, ಕಡಿಮೆ ಮಾತಿನ ಹೆಂಗಸು. ಟ್ಯೂಷನ್‌ನವರ ಕಡೆಯ ಇಬ್ಬರು ಅವರ ಪಕ್ಕದಲ್ಲೇ ಕೂತಿದ್ದರು. ಅಲೆಯ ಯಂತ್ರ ಮೊದಲೇ ಚಾಲೂ ಆಗಿತ್ತು. ಪಟ್ಟಿ ಬಿಚ್ಚಿದ ಮಕ್ಕಳು ನೀರಿಗಿಳಿದರು.

ಇಳಿದವರು ಎಲ್ಲರೂ ಒಟ್ಟಿಗೆ ಕಂಬಿ ಹಿಡಿದು ನಿಂತುಬಿಟ್ಟರು.

ತರಬೇತುದಾರ ಹುಡುಗಿ ಸೀಟಿ ಊದಿದಳು. ಯಾರೂ ಅಲುಗಲಿಲ್ಲ. ಟ್ಯೂಷನ್‌ನವರಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿ ನಕ್ಕ. ಮುನವಳ್ಳಿಯವರು ಕರವಸ್ತ್ರ ಹುಡುಕತೊಡಗಿದರು. ನಿವೇದಿತಾ ಗಾಜಿಗೆ ಹಣೆ ಹಚ್ಚಿ ಆ ಮಕ್ಕಳ ಬೆರಳುಗಳನ್ನೇ ನೋಡಿದಳು. ಅವು ಅವಳವೇ ಬೆರಳು. ಹೆಬ್ಬೆರಳನ್ನು ಒಳಗೆ ಮಡಚಿ ಕಂಬಿ ಹಿಡಿಯುವುದು ಅವಳ ರೀತಿ. ತಾನು ಹೀಗೆ ನಿಂತಾಗ ಈ ಬೆರಳು ಬಿಟ್ಟದ್ದು ಯಾವಾಗ? ಸೀಟಿಗಲ್ಲ. ಬುದ್ಧಿ ಹೇಳಿದ್ದಕ್ಕೂ ಅಲ್ಲ. ಆ ಒಂದು ಕೂಗಿಗೆ. ಕಲಿಯುವಾಗ ತನ್ನ ಪಕ್ಕದಲ್ಲಿ ಕೂಗುವವರೊಬ್ಬರು ಇದ್ದರು, ಆ ಇರವೂ ದಾಖಲೆಯಲ್ಲಿ ಸೇರಿಬಿಟ್ಟಿತ್ತು.

ಅತ್ತೆ ಅಂದು ಬಂದಿರಲಿಲ್ಲ. ಸಮಿತಿಯ ಮುಂದೆ ಚುರಮುರಿ ತಿನ್ನಬಾರದೆಂದು ಅವಳೇ ಮನೆಯಲ್ಲಿ ಬಿಟ್ಟು ಬಂದಿದ್ದಳು.

ನಿವೇದಿತಾ ಬಾಗಿಲು ನೂಕಿ ಹೊರಗೆ ಓಡಿದಳು. ಸಭೆಯಲ್ಲಿ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುವವಳು, ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲೇ ನಿಂತು, ಎರಡೂ ಕೈ ಬಾಯಿಗೆ ಹಚ್ಚಿ, ಹೊಟ್ಟೆಯಾಳದಿಂದ ಕೂಗಿದಳು:

“ಮುಂದ ಎಲ್ಲಾ ಖಾಲಿ ಐತಿ! ಮುಂದ ಹೋಗ್ರಿ! ರೈಟ್... ರೈಟ್!”

ಕೈಗಳು ಬಿಟ್ಟವು. “ಅಯ್ಯ ಶಿವನ!” ಎಂದು ಕೊಳದ ತುಂಬ ಒಂದೇ ಕೂಗು ಎದ್ದಿತು. ಮಕ್ಕಳು ಮುಳುಗಿದರು, ಎದ್ದರು, ಕೆಮ್ಮಿದರು. ಅಲೆ ಒಬ್ಬನನ್ನು ಹಿಂದಕ್ಕೆ ತಳ್ಳಿತು, ಅವನು ಅಡ್ಡ ತಿರುಗಿ ಹೊರಟ. ಇನ್ನೊಬ್ಬಳು ನಾಯಿಯ ಹಾಗೆ ಕೈ ಬಡಿದಳು. ಮತ್ತೊಬ್ಬ ಅಂಗಾತನಾದ. ಒಬ್ಬರ ಈಜು ಇನ್ನೊಬ್ಬರಂತೆ ಇರಲಿಲ್ಲ. ಚಂದವಂತೂ ಇರಲೇ ಇಲ್ಲ. ಆದರೆ ಯಾರೂ ನಿಲ್ಲಲಿಲ್ಲ. ಒಬ್ಬೊಬ್ಬರೇ ಆಚೆಯ ಗೋಡೆ ಮುಟ್ಟಿ, ತಿರುಗಿ ನೋಡಿ, ಹಲ್ಲು ಕಿರಿದರು.

ಗದ್ದಲದ ನಡುವೆ ನಿವೇದಿತಾ ಲೆಕ್ಕ ಮಾಡಿದಳು. ನೀರಿನಲ್ಲಿ ಒಂದು ತಲೆ ಹೆಚ್ಚಿಗೆ ಇತ್ತು. ಪಾರು. ಅವಳು ಯಾವಾಗ ನೀರಿಗಿಳಿದಳೋ ಯಾರೂ ಕಂಡಿರಲಿಲ್ಲ. ಈಜುಗಾರನಿಂದ ಬಂದ ನಯವಾದ ಕೈ ಬೀಸು ಅಲೆಯಲ್ಲಿ ಮುರಿದು, ಹುಡುಗಿ ತನ್ನದೇ ಆದ ಒಂದು ಸೊಟ್ಟ ಬೀಸಿನಿಂದ ಬರುತ್ತಿದ್ದಳು. ಅರ್ಧ ದಾರಿಯಲ್ಲಿ ನೀರು ಕುಡಿದು ನಿಂತಳು. ಪಾರು ಉಗುಳಿದಳು, ಮೂಗು ಒರೆಸಿದಳು, ಮತ್ತೆ ಹೊರಟಳು.

ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅದರ ಮೇಲೆ ನೀರು ಸಿಡಿದಿತ್ತು.

“ಇದೇನ್ರಿ, ಕಂಡಕ್ಟರಿಕಿ?”

“ನಮ್ಮ ಅತ್ತಿಯವರದು ಮೇಡಂ. ಕಲಿಯೂವಾಗ ಅವರು ಪಕ್ಕದಾಗ ಇದ್ರು. ಅದಕ್ಕ ಪಟ್ಟಿಯೊಳಗೂ ಅವರದಾರ,” ಎಂದಳು ನಿವೇದಿತಾ. ದನಿ ಒಡೆದುಹೋಗಿತ್ತು. “ಪಟ್ಟಿ ಒಂದs ಸಾಲೂದಿಲ್ಲರಿ. ಮಕ್ಕಳ ಮುಂದ ಏನೂ ಬರದ ದೊಡ್ಡವರು ಒಬ್ಬರು ಕಲೀಬೇಕು. ದಂಡಿ ಮ್ಯಾಲೆ ಕೂಗೋರು ಒಬ್ಬರು ಇರಬೇಕು.”

“ಎಲ್ಲಾ ಸಾಲಿಗೂ ನಿಮ್ಮ ಅತ್ತಿಯವರನ್ನ ಕಳಸ್ತೀರೇನು?”

“ಎಲ್ಲಾ ಊರಾಗೂ ಅಂಥವರು ಇರ್ತಾರ ಮೇಡಂ. ನಾವು ಅವರಿಗೆ ಸುಮ್ಮನಿರ್ರಿ ಅಂತ ಹೇಳಿ ಕುಂದರ್ಸೀವಿ, ಅಷ್ಟs.”

ಅಧ್ಯಕ್ಷೆ ನಕ್ಕರು. ಅವರು ನಗುತ್ತಾರೆ ಎಂಬುದು ಸಮಿತಿಯವರಿಗೂ ಅಂದೇ ತಿಳಿದದ್ದು. ಹೊರಡುವ ಮುಂಚೆ ಅವರು ನಿವೇದಿತಾಳನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, “ಸೈಕಲ್ ಬರದವರಿಗೆ ಎಲ್ಲೆರ ಜಾಗ ಐತೇನು?” ಎಂದು ಕೇಳಿದರು.

ಜೂನ್‌ನಲ್ಲಿ ಮಧ್ಯಾಹ್ನದ ಶಾಲೆಗಳು ಶುರುವಾದವು. ಪ್ರತಿ ತರಗತಿಯಲ್ಲೂ ಮಕ್ಕಳ ಸಾಲಿನಲ್ಲಿ ಒಬ್ಬಿಬ್ಬರು ದೊಡ್ಡವರು ಕೂತರು. ಹೊಲಿಗೆಗೆ ಒಬ್ಬ ವಕೀಲರು, ಹಾರ್ಮೋನಿಯಂಗೆ ಒಬ್ಬ ಡ್ರೈವರ್, ರೊಟ್ಟಿಗೆ ಮುನವಳ್ಳಿಯವರು. ಶೈಲಜಾರಿಗೆ ವಾರವೆಲ್ಲ ಬಿಡುವಿರಲಿಲ್ಲ. ದಂಡೆಯ ಮೇಲೆ ಕೂಗಲು ಮೂರು ಶಾಲೆಯವರು ಕಾರು ಕಳಿಸುತ್ತಿದ್ದರು.

ಮೊದಲ ವಾರದ ಒಂದು ಸಂಜೆ ನಿವೇದಿತಾ ಅಡುಗೆಮನೆಯಲ್ಲಿದ್ದಳು. ಹೊರಗೆ ಚಪ್ಪಲಿ ಎಸೆದ ಸದ್ದಾಯಿತು. ಪಾರು ಓಡುತ್ತ ಬಂದಳು. ಬೆರಳ ತುದಿಗಳೆಲ್ಲ ಕೆಂಪಾಗಿದ್ದವು, ಹಣೆ ಬೆವೆತಿತ್ತು. ಏನೋ ಬಹುಮಾನ ಗೆದ್ದುಬಂದವಳ ಹಾಗೆ ಮುಖ ಅರಳಿತ್ತು.

“ಅವ್ವಾ, ಅವ್ವಾ! ಇವತ್ತ ತಬಲಾ ಕ್ಲಾಸಿಗೆ ಹೋಗಿದ್ದೆ.”

“ಹೂಂ, ಏನಾತು?”

“ನನಗ ಒಂಚೂರೂ ಬರಲಿಲ್ಲ!” ಎಂದಳು ಪಾರು. “ನಾಳೆ ಮತ್ತ ಹೋಗ್ಬೇಕು. ಲಗೂನ ಉಣ್ಣಾಕ ಹಾಕು.”